ಉಷಃಕಾಲದ ಹಂಸಗಳು

(ಇಂಗ್ಲೆಂಡಿನಲ್ಲಿ ನೆಲಸಿರುವ ಓದುಗರೊಬ್ಬರ ಪ್ರಶ್ನೆ: ವೆಲ್ನಿಯ ಜೌಗುಭೂಮಿಯಲ್ಲಿ ಮುಂಜಾನೆ ಹಾರುವ ಹಂಸಗಳ ಚಿತ್ರ ತೆಗೆದರೆ ರೆಕ್ಕೆ ಕಲಸಿಹೋಗುತ್ತದೆ, ಇಲ್ಲವೆ ಬಿಳುಪೆಲ್ಲ ಸುಟ್ಟಂತಾಗುತ್ತದೆ.)

ಐಸ್‌ಲೆಂಡಿನಿಂದ ಬಂದು ಅಲ್ಲಿ ಚಳಿಗಾಲವನ್ನು ಕಳೆಯುವ ಹೂಪರ್ ಹಂಸಗಳು ಇರುಳು ನೀರಿನಲ್ಲಿ ತಂಗಿ, ಬೆಳಗಾಗುತ್ತಲೆ ಸುತ್ತಣ ಹೊಲಗಳಿಗೆ ಮೇವನ್ನರಸಿ ತೆರಳುವುವಾದುದರಿಂದ, ಏಳುವ ಮುನ್ನ ಕೊರಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಪರಸ್ಪರ ಕೂಗಿಕೊಳ್ಳುವ ಅವುಗಳ ಸಂಜ್ಞೆಯನ್ನು ಗುರುತಿಸಿ, ಗಾಳಿಗೆ ಇದಿರಾಗಿ ನೀರಮೇಲೆ ಬಹುದೂರ ಓಡಿಯೇ ಅವು ಮೇಲೇಳುವುವೆಂಬುದನ್ನು ನೆನೆದು, ಸೂರ್ಯನು ಬೆನ್ನಿಗಿರುವಂತೆ ವೀಕ್ಷಣಾಗೃಹದಲ್ಲಿ ಮೊದಲೇ ಕುಳಿತಿರತಕ್ಕದ್ದು. ಈ ಸಂಜ್ಞೆಯ ಅರಿವು ಯಾವ ದುಬಾರಿ ಲೆನ್ಸಿಗಿಂತಲೂ ಮಿಗಿಲೆಂದು ನನ್ನ ನಂಬಿಕೆ.

ಬಿಸಿಲೇರಿದ ಬಳಿಕ ಶಟರ್ ವೇಗ 1/1600 ಸೆಕೆಂಡಿಗೆ ಕಡಮೆಯಾಗದಿರಲಿ; ಅದಕ್ಕಾಗಿ ಐಎಸ್‌ಒ ಹೆಚ್ಚಿದರೂ ಚಿಂತೆಯಿಲ್ಲ. ಅರುಣೋದಯದ ಮಂದಪ್ರಕಾಶದಲ್ಲಾದರೋ 1/30ಕ್ಕಿಳಿಸಿ, ಹಕ್ಕಿಯೊಡನೆಯೇ ಕ್ಯಾಮೆರಾವನ್ನು ತಿರುಗಿಸುತ್ತ ರೆಕ್ಕೆಗಳ ಚಲನೆಯನ್ನೇ ಚಿತ್ರಿಸಬಹುದು. ಹಿನ್ನೆಲೆ ಕಪ್ಪಾಗಿದ್ದರೆ ಎಕ್ಸ್‌ಪೋಷರನ್ನು ಸುಮಾರು ಒಂದು ಸ್ಟಾಪ್ ತಗ್ಗಿಸಿರಿ, ಆಕಾಶ ಬೆಳ್ಳಗಿದ್ದರೆ ಏರಿಸಿರಿ. ರಾ ಕಡತದಲ್ಲಿಯೇ ತೆಗೆಯಿರಿ.

ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿರಿಸಿ ಅಚಲವಸ್ತುವೊಂದನ್ನು ತೆಗೆದಾಗಲೂ ಚಿತ್ರ ಮಸುಕಾದರೆ ದೋಷ ತಮ್ಮ ಕೈಯದಲ್ಲ. ಕ್ಯಾಮೆರಾವನ್ನೂ ಲೆನ್ಸನ್ನೂ ಒಟ್ಟಿಗೆ ತಯಾರಕರ ಸರ್ವಿಸ್ ಕೇಂದ್ರಕ್ಕೊಯ್ದು ಫೋಕಸ್ ಪರೀಕ್ಷೆ ಮಾಡಿಸಿರಿ.