ಜಾಗ ಮೊದಲು, ಆಹ್ವಾನ ಆಮೇಲೆ

ನೋಡಮ್ಮ, ಹೊರದೇಶದ ಕಲಾವಿದೆಯರನ್ನು ಚೆನ್ನೈಗೆ ಕರೆಸಿ ಸಮ್ಮೇಳನ ಮಾಡಲು ನೀನೂ ನಿನ್ನ ಗೆಳತಿಯರೂ ಹೊರಟಿದ್ದೀರಿ. ಸಂತೋಷ. ಲೋಗೋ, ಪೋಸ್ಟರ್ ಆಗಲೇ ಸಿದ್ಧವಂತೆ. ಅವು ಕೊನೆಗೆ ಆದರೂ ನಡೆಯುತ್ತಿತ್ತು. ಮೊದಲು, ನಂಜನಗೂಡಿನಲ್ಲಿ ಹುಟ್ಟಿ ಇದೇ ಊರಿನ ಜಾರ್ಜ್ ಟೌನಿನಲ್ಲಿ ಬಾಳಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರನ್ನು ನೆನೆಸಿಕೋ.

ತಿರುವಯ್ಯಾರಿನಲ್ಲಿ ವಾಗ್ಗೇಯಕಾರ ತ್ಯಾಗರಾಜರ ಸಮಾಧಿ ಪಾಳುಬಿದ್ದಿತ್ತು. ಆಕೆ ತಮ್ಮ ಗಳಿಕೆಯನ್ನೆಲ್ಲ ಸುರಿದು 1921ರಲ್ಲಿ ಕೆಲಸ ಹಿಡಿದರು, 1926ರಲ್ಲಿ ಗುಡಿಗೆ ಕುಂಭಾಭಿಷೇಕ ಮಾಡಿಸಿದರು. ಇಷ್ಟಾದರೂ ಅಲ್ಲಿ ವರ್ಷವರ್ಷ ನಡೆಯುವ ಆರಾಧನೆಯಲ್ಲಿ ಹೆಂಗಸರು ಹಾಡುವುದಕ್ಕೆ, ಅದನ್ನು ನಡೆಸುತ್ತಿದ್ದ ಗಂಡಸರ ಎರಡು ಪಂಗಡಗಳೂ ಒಪ್ಪಲಿಲ್ಲ. (ತಮ್ಮತಮ್ಮಲ್ಲೇ ಕಿತ್ತಾಡುತ್ತಿದ್ದವರು ಈ ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದರು!) ಆಕೆ 1927ರಲ್ಲಿ ಸಮಾಧಿಯ ಹಿಂಬದಿಯಲ್ಲೇ ಹೆಂಗಸರದೇ ಆರಾಧನೆ ಶುರುಮಾಡಿದರು. ‘ಪೆಣ್ಗಳ್ ಕಚ್ಚಿ’, ಅಂದರೆ ಹೆಂಗಸರ ಪಂಗಡ, ಎಂದು ಅದಕ್ಕೆ ಹೆಸರೂ ಬಿತ್ತು. 1940ರ ಸುಮಾರಿಗೆ ಪಂಗಡಗಳೆಲ್ಲ ಒಂದಾದಾಗ ಹೆಂಗಸರ ಹಾಡು ಮುಂಬಾಗಿಲಿಗೇ ಬಂತು. ಬರೀ ಧೈರ್ಯದಿಂದ ಇದು ಆಗಲಿಲ್ಲ. ಗುಡಿ ಕಟ್ಟಿದ ಹಣ ಆಕೆಯದು. ಹೊರಗೆ ನಡಿ ಎನ್ನುವ ಬಾಯಿ ಯಾರಿಗಿತ್ತು?

ಅದಕ್ಕೇ ಹೇಳುತ್ತೇನೆ, ಸಭಾಂಗಣ ಯಾರದೋ ದಾಕ್ಷಿಣ್ಯದ ಮೇಲೆ ನಿಲ್ಲಬಾರದು. ಬಾಡಿಗೆ ಕಟ್ಟು, ಕರಾರು ಬರೆಸಿಕೋ. ಡಿಸೆಂಬರ್ ಅಂತೂ ಬೇಡ. ಆಗ ಮಾರ್ಗಳಿ ಸಂಗೀತ ಸೀಸನ್, ಒಂದು ಸಭಾವೂ ಖಾಲಿ ಇರುವುದಿಲ್ಲ. ಮೇಲೆ ಹಿಂಗಾರು ಮಳೆ. 2015ರಲ್ಲೂ 2023ರಲ್ಲೂ ಡಿಸೆಂಬರಿನಲ್ಲೇ ಊರು ಮುಳುಗಿದ್ದನ್ನು ನೀನೇ ಕಂಡಿದ್ದೀಯ. ಫೆಬ್ರವರಿ ಹಿಡಿ. ಬರುವವರಿಗೆ ಕಾನ್ಫರೆನ್ಸ್ ವೀಸಾ ಬೇಕು, ಟೂರಿಸ್ಟ್ ವೀಸಾದಲ್ಲಿ ಸಾಗಹಾಕಬೇಡ. ಹೊರದೇಶದಿಂದ ದೇಣಿಗೆ ತರುವುದಾದರೆ ಎಫ್‌ಸಿಆರ್‌ಎ ನೋಂದಣಿ ಇಲ್ಲವೇ ಮುಂಚಿತ ಅನುಮತಿ ಇರಬೇಕು. ಇದನ್ನೆಲ್ಲ ಬಲ್ಲ ಆಡಿಟರೊಬ್ಬರನ್ನು ಮೊದಲ ಸಭೆಗೇ ಕರೆದು ಕೂರಿಸು.

ನನಗೆ ಕೋಪ ಬರಿಸುವುದು ಬೇರೆ. ಇಂಥ ಸಮ್ಮೇಳನಗಳಲ್ಲಿ ಹೊರಗಿನವರಿಗೆ ವಿಮಾನ, ಹೋಟೆಲು, ಮುಖ್ಯ ಭಾಷಣ. ನಮ್ಮ ಹೆಣ್ಣುಮಕ್ಕಳಿಗೆ ಉದ್ಘಾಟನೆಯ ಸ್ವಾಗತ ನೃತ್ಯ, ಒಂದು ಶಾಲು, ಹಣ್ಣಿನ ತಟ್ಟೆ. ತಮಿಳು ಬಯಲಾಟವಾದ ಕೂತ್ತು ಆಡುವವಳು, ಪರೈ ತಮಟೆ ಬಾರಿಸುವವಳು, ಕನ್ನಡ ನಾಟಕದವಳು ತಮ್ಮ ಕೆಲಸದ ಬಗ್ಗೆ ತಾವೇ ಕೂತು ಮಾತಾಡಲಿ. ಅವರ ಮಾತನ್ನು ಇಂಗ್ಲಿಷಿಗೆ ತರುವವರನ್ನು ನೇಮಿಸು. ಗೌರವಧನ ಎಲ್ಲರಿಗೂ ಒಂದೇ. ವೇಲ್ಸಿನಲ್ಲಿ 1986ರಲ್ಲಿ ಶುರುವಾದ, ರಂಗಭೂಮಿಯ ಹೆಣ್ಣುಮಕ್ಕಳ ಜಾಲವಾದ ಮ್ಯಾಗ್ಡಲೀನಾ ಪ್ರಾಜೆಕ್ಟ್‌ನ ನಂಟಿನಿಂದ ಪಾರ್ವತಿ ಬಾವುಲ್ 2012ರಲ್ಲಿ ಪುದುಚೇರಿಯಲ್ಲಿ ‘ತಂತಿಧಾತ್ರಿ’ ಉತ್ಸವ ನಡೆಸಿದರು. ಕರೆದವರೇ ಹಾಡುಗಾರ್ತಿ, ಅದನ್ನು ಗಮನಿಸು. ನೀನೂ ಊಟದ ಕೂಪನ್ ಹಂಚುತ್ತಲೇ ದಿನ ಕಳೆಯಬೇಡ, ನಿನ್ನ ಕೃತಿಯನ್ನೂ ವೇದಿಕೆಗೆ ತಾ.

ಬಂದವರಿಗೆ ಒಂದು ಮಧ್ಯಾಹ್ನ ಮುಟ್ಟುಕಾಡಿನ ದಕ್ಷಿಣಚಿತ್ರ ವಸ್ತುಸಂಗ್ರಹಾಲಯ ತೋರಿಸು. ಅಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಅದೆಲ್ಲ ಆಮೇಲಿನ ಮಾತು. ಸಭಾಂಗಣದ ಕರಾರಿಗೆ ಸಹಿ ಬಿದ್ದ ಮೇಲೆಯೇ ಮೊದಲ ಆಹ್ವಾನ ಪತ್ರ ಕಳಿಸಮ್ಮ.