ತಂದೆಯಾದ ಬಗೆ

ಮಗು ಹುಟ್ಟಿದ ದಿನವೇ ತಂದೆಯೂ ಹುಟ್ಟುತ್ತಾನೆಂದು ಲೋಕ ತಿಳಿದಿದೆ. ಈ ತಿಳಿವಳಿಕೆಯನ್ನು ಒರೆಗೆ ಹಚ್ಚಿದ ಜಪಾನೀ ಚಲನಚಿತ್ರವೊಂದಿದೆ. ಹಿರೊಕಾಜು ಕೊರೆಯೇದ ಅವರು 2013ರಲ್ಲಿ ನಿರ್ದೇಶಿಸಿದ ಆ ಚಿತ್ರದ ಹೆಸರು ‘ಸೊಶಿತೆ ಚಿಚಿ ನಿ ನಾರು’. ‘ಆಮೇಲೆ ತಂದೆಯಾಗುವನು’ ಎಂದು ಅದರ ಅರ್ಥ. ಅದೇ ವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ಪ್ರಶಸ್ತಿ ದೊರೆಯಿತು.

ಕಥಾನಾಯಕ ರಿಯೋತ ಟೋಕಿಯೋ ನಗರದ ವಾಸ್ತುಶಿಲ್ಪಿ. ದುಡಿಮೆಯೇ ಅವನ ಉಸಿರು. ಆರು ವರ್ಷದ ಮಗ ಕೇಯಿತನೊಡನೆ ಆಡಲು ಅವನಿಗೆ ಬಿಡುವಿಲ್ಲ. ಸೌಮ್ಯ ಸ್ವಭಾವದ ಮಗನಲ್ಲಿ ಗೆಲ್ಲುವ ಛಲವಿಲ್ಲವೆಂಬ ಕೊರಗು ಬೇರೆ. ಹೀಗಿರುವಾಗ ಆಸ್ಪತ್ರೆಯಿಂದ ಕರೆ ಬರುತ್ತದೆ. ಹುಟ್ಟಿದಾಗಲೇ ಎರಡು ಶಿಶುಗಳು ಅದಲುಬದಲಾಗಿದ್ದವು. ಕೇಯಿತ ಅವರು ಹೆತ್ತ ಮಗನಲ್ಲ! ಸುದ್ದಿ ಖಚಿತವಾದಾಗ, ಈಗ ಎಲ್ಲವೂ ಅರ್ಥವಾಯಿತೆಂಬ ಉದ್ಗಾರವೊಂದು ರಿಯೋತನ ಬಾಯಿಂದ ಹೊರಡುತ್ತದೆ. ಆ ಮಾತು ಹೆಂಡತಿ ಮಿದೋರಿಯ ಎದೆಯಲ್ಲಿ ಮುಳ್ಳಾಗಿ ನಾಟುತ್ತದೆ.

ಅವರ ಹೆತ್ತ ಮಗ ರ್ಯೂಸೇ ಬೆಳೆದದ್ದು ಯೂದಾಯಿ ಎಂಬುವನ ಮನೆಯಲ್ಲಿ. ಯೂದಾಯಿಗೆ ವಿದ್ಯುತ್ ಸಾಮಾನುಗಳ ಪುಟ್ಟ ಅಂಗಡಿಯೊಂದಿದೆ. ಆ ಮನೆಯಲ್ಲಿ ಹಣ ಕಡಿಮೆ, ನಗು ಹೆಚ್ಚು. ಅವನು ಕೆಟ್ಟ ಆಟಿಕೆಗಳನ್ನು ಸರಿಪಡಿಸಿಕೊಡುತ್ತಾನೆ. ಮಕ್ಕಳೊಡನೆ ಸ್ನಾನದ ತೊಟ್ಟಿಗಿಳಿದು ತಾನೂ ಮಗುವಾಗುತ್ತಾನೆ. ತನ್ನ ಉದ್ಯೋಗವನ್ನು ಬೇರೆಯವರು ನಿರ್ವಹಿಸಲಾರರೆಂದು ರಿಯೋತ ಹೇಳಿದಾಗ, ತಂದೆಯ ಕೆಲಸವೂ ಅಂಥದೇ ಎಂದು ಯೂದಾಯಿ ಉತ್ತರಿಸುತ್ತಾನೆ.

ಕೊನೆಗೆ ರಕ್ತಸಂಬಂಧವೇ ದೊಡ್ಡದೆಂದು ಬಗೆದು ಎರಡು ಕುಟುಂಬಗಳೂ ಮಕ್ಕಳನ್ನು ಬದಲಿಸಿಕೊಳ್ಳುತ್ತವೆ. ಆದರೆ ರ್ಯೂಸೇ ಹೊಸ ಮನೆಯಿಂದ ತಪ್ಪಿಸಿಕೊಂಡು ತಾನು ಬೆಳೆದ ಮನೆಗೇ ಓಡುತ್ತಾನೆ. ಈ ನಡುವೆ ರಿಯೋತನಿಗೆ ಸಂಶೋಧನಾ ಕೇಂದ್ರವೊಂದಕ್ಕೆ ವರ್ಗವಾಗಿರುತ್ತದೆ. ಅಲ್ಲಿ ಮನುಷ್ಯರೇ ನೆಟ್ಟು ಬೆಳೆಸಿದ ಕಾಡಿದೆ. ಆ ಮರಗಳಲ್ಲಿ ಜೀರುಂಡೆ ಮೊಟ್ಟೆಯಿಟ್ಟು, ಮರಿಯಾಗಿ, ಬೆಳೆಯುವಂತಾಗಲು 15 ವರ್ಷ ಹಿಡಿಯಿತೆಂದು ಅಲ್ಲಿನವನೊಬ್ಬ ತಿಳಿಸುತ್ತಾನೆ. ಜೀರುಂಡೆಗೇ ಇಷ್ಟು ಕಾಲ ಬೇಕಾದರೆ, ಒಂದು ಮಗು ಒಂದು ಮನೆಯದಾಗಲು ಎಷ್ಟು ಕಾಲ ಬೇಕು?

ಉತ್ತರ ಕ್ಯಾಮೆರಾದಲ್ಲಿತ್ತು. ಅದರಲ್ಲಿದ್ದ ಚಿತ್ರಗಳನ್ನು ನೋಡುತ್ತ ಹೋದ ರಿಯೋತನಿಗೆ, ಕೇಯಿತ ತೆಗೆದಿದ್ದ ತನ್ನವೇ ಚಿತ್ರಗಳು ಕಾಣುತ್ತವೆ. ದಣಿದು ಮಲಗಿದ ತಂದೆಯನ್ನು ಆ ಬಾಲಕ ಸದ್ದಿಲ್ಲದೆ ನೋಡುತ್ತಿದ್ದ. ತಾನು ಮಗನನ್ನು ನೋಡದಿದ್ದ ದಿನಗಳಲ್ಲೂ ಮಗ ತನ್ನನ್ನು ನೋಡುತ್ತಲೇ ಇದ್ದನೆಂದು ತಿಳಿದಾಗ ಅವನ ಕಣ್ಣು ತುಂಬುತ್ತದೆ.

ಅವನು ಕೇಯಿತನನ್ನು ಕಾಣಲು ಧಾವಿಸುತ್ತಾನೆ. ಮುನಿದ ಬಾಲಕ ಬೆನ್ನು ತಿರುಗಿಸಿ ನಡೆದುಬಿಡುತ್ತಾನೆ. ತಂದೆ ಪಕ್ಕದ ಹಾದಿಯಲ್ಲಿ ಜೊತೆಜೊತೆಗೇ ನಡೆಯುತ್ತ, ತಪ್ಪನ್ನೊಪ್ಪಿ ಕ್ಷಮೆ ಬೇಡುತ್ತಾನೆ. ಎರಡು ಹಾದಿಗಳೂ ಸೇರುವೆಡೆಯಲ್ಲಿ ಮಗನನ್ನು ಅಪ್ಪಿಕೊಳ್ಳುತ್ತಾನೆ. ಮುಂದೆ ಯಾವ ಮಗು ಯಾವ ಮನೆಯಲ್ಲಿ ಬೆಳೆಯಿತೆಂಬುದನ್ನು ಚಿತ್ರ ಹೇಳುವುದಿಲ್ಲ. ರಿಯೋತ ತಂದೆಯಾದದ್ದು ಯಾವಾಗ ಎಂಬುದನ್ನು ಮಾತ್ರ ಹೇಳಿ ಮುಗಿಯುತ್ತದೆ.

ಅಭ್ಯಾಸ

ಪದಗಳ ಅರ್ಥ: ಒರೆಗೆ ಹಚ್ಚು – ಪರೀಕ್ಷಿಸು, ಉದ್ಗಾರ – ತಟ್ಟನೆ ಹೊರಡುವ ಮಾತು, ಬಗೆದು – ಭಾವಿಸಿ.

1. ರಿಯೋತನ ಉದ್ಗಾರ ಮಿದೋರಿಯನ್ನು ನೋಯಿಸಿದ್ದೇಕೆ?
2. ರಿಯೋತ ಮತ್ತು ಯೂದಾಯಿ ಇವರ ಸ್ವಭಾವಗಳನ್ನು ಹೋಲಿಸಿರಿ.
3. ಜೀರುಂಡೆಯ ಪ್ರಸಂಗದ ಔಚಿತ್ಯವನ್ನು ವಿವರಿಸಿರಿ.
4. ‘ಆಮೇಲೆ ತಂದೆಯಾಗುವನು’ ಎಂಬ ಹೆಸರು ಈ ಕಥೆಗೆ ಹೇಗೆ ಒಪ್ಪುತ್ತದೆ?