ಹಬ್ಬದ ಕಾಯಿ ಬೇರೆ, ಅಟ್ಟದ ಕಾಯಿ ಬೇರೆ

ಮಿರಗದ ಮಳೆಗೆ ತಿಪ್ಪೆಯ ಬದಿಯಲ್ಲಿ ಊರಿದ ಕುಂಬಳ ಬೀಜ ಅಕ್ಟೋಬರ್ ಹೊತ್ತಿಗೆ ಕಾಯಿ ತುಂಬಿಕೊಂಡಿರುತ್ತದೆ. ಘಟಪ್ರಭೆ ದಂಡೆಯ ಘೋಡಗೇರಿಯಂಥ ಊರುಗಳಲ್ಲಿ ಹೊಲವೆಲ್ಲ ಕಬ್ಬಿಗೆ ಹೋದರೂ ಕುಂಬಳಕ್ಕೆ ಬೇರೆ ಜಾಗ ಹುಡುಕಬೇಕಿಲ್ಲ. ಹಿತ್ತಲು, ಬೇಲಿ, ದನದ ಶೆಡ್ಡಿನ ಮೇಲ್ಮಾಡು ಸಾಕು. ಬೆಳೆಯುವುದನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಿಲ್ಲ. ಎಡವುವುದೆಲ್ಲ ಕೊಯ್ಯುವ ದಿನ.

ಖಂಡೇನವಮಿಗೆ ಒಡೆಯಲು ಬೂದುಗುಂಬಳ, ಗಾರಿಗೆಗೆ ಸಿಹಿಗುಂಬಳ ಎಂದು ಹಬ್ಬದ ಮುನ್ನಾದಿನ ಇಡೀ ಬಳ್ಳಿಯನ್ನೇ ಬೋಳು ಮಾಡುವವರು ಬಹಳ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂದಿತ್ತು, 2025ರಲ್ಲಿ ಅಕ್ಟೋಬರ್ 2ಕ್ಕೇ ಬಂತು. ಬಳ್ಳಿ ಪಂಚಾಂಗ ನೋಡಿ ಕಾಯಿ ಬಲಿಸುವುದಿಲ್ಲ. ಹಬ್ಬಕ್ಕೆ ಎಷ್ಟು ಬೇಕೋ ಅಷ್ಟನ್ನೇ ಕೊಯ್ಯಿರಿ. ತಿಂಗಳುಗಟ್ಟಲೆ ಇಡಬೇಕೆಂದಿರುವ ಕಾಯಿಗಳ ಪಕ್ಕದ ಬಳ್ಳಿಗೆ ಒಂದು ಕೆಂಪು ಬಟ್ಟೆಚೂರು ಕಟ್ಟಿಬಿಡಿ, ಮನೆಯಲ್ಲಿ ಯಾರೂ ಅದಕ್ಕೆ ಕೈ ಹಾಕುವುದಿಲ್ಲ.

ಬಲಿತದ್ದು ತಿಳಿಯುವುದು

ಮೊದಲು ನೋಡಬೇಕಾದ್ದು ತೊಟ್ಟು. ಹಸಿರಾಗಿ, ರಸ ತುಂಬಿಕೊಂಡಿದ್ದರೆ ಕಾಯಿ ಇನ್ನೂ ಎಳೆಯದು. ಬಲಿತ ಸಿಹಿಗುಂಬಳದ ತೊಟ್ಟು ಒಣಗಿ ಕಟ್ಟಿಗೆಯಂತಾಗುತ್ತದೆ, ಮೇಲೆ ಸಣ್ಣ ಗೀರು ಬಿಡುತ್ತದೆ. ಸಿಪ್ಪೆಯ ಹೊಳಪು ಹೋಗಿ ಬಣ್ಣ ತಿರುಗುತ್ತದೆ. ಹೆಬ್ಬೆರಳ ಉಗುರು ಒತ್ತಿ ನೋಡಿ. ಉಗುರು ಇಳಿದರೆ ವಾರ ತಡೆಯಿರಿ, ಜಾರಿದರೆ ಕೊಯ್ಯಬಹುದು. ತಟ್ಟಿ ನೋಡುವವರೂ ಇದ್ದಾರೆ. ಅದು ರೂಢಿಯಾದ ಕಿವಿಗೆ ಸರಿ, ಹೊಸಬರು ಉಗುರನ್ನೇ ನಂಬುವುದು ಲೇಸು.

ಬೂದುಗುಂಬಳದ ಗುರುತೇ ಬೇರೆ. ಎಳೆಯದರ ಮೈಮೇಲೆ ಚುಚ್ಚುವ ತುಪ್ಪಳವಿರುತ್ತದೆ. ಬಲಿಯುತ್ತ ಅದು ಉದುರಿ ಬಿಳಿ ಬೂದಿ ಏರುತ್ತದೆ. ಬೂದಿ ಎಂದರೂ ಅದು ಮೇಣದ ಪದರ. ಕಾಯಿಯ ನೀರು ಆರದಂತೆ ಕಾಯುವುದು ಅದೇ. ಚೆಂದ ಕಾಣಲಿ ಎಂದು ಒರೆಸಲು ಹೋಗಬೇಡಿ.

ಸಿಹಿಗುಂಬಳದಲ್ಲಿ ತಳಿಯ ಮೇಲೂ ಕಾಲ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯಮುಖಿ ಸುಮಾರು 100 ದಿನದ್ದು; ಒಂದೊಂದು ಕಾಯಿ ಕೆಜಿ ಆಸುಪಾಸು, ಸಣ್ಣ ಕುಟುಂಬಕ್ಕೆ ಹೇಳಿ ಮಾಡಿಸಿದ ಗಾತ್ರ. ಅರ್ಕಾ ಚಂದನ 2ರಿಂದ 3 ಕೆಜಿ ತೂಗುತ್ತದೆ, ಇನ್ನೂ ಎರಡು ಮೂರು ವಾರ ಹೆಚ್ಚು ಬೇಡುತ್ತದೆ. ತಳಿಯ ಬಗ್ಗೆ ಅನುಮಾನವಿದ್ದರೆ ಅರಭಾವಿಯ ತೋಟಗಾರಿಕೆ ಕಾಲೇಜು ಹತ್ತಿರವೇ ಇದೆ, ಹೋಗಿ ಕೇಳಬಹುದು.

ಕೊಯ್ಯುವುದು, ಆರಿಸುವುದು

ಮಳೆ ಬಿಟ್ಟು ಒಂದೆರಡು ದಿನ ಬಿಸಿಲು ಬಿದ್ದ ಮೇಲೆ, ಬೆಳಗಿನ ಇಬ್ಬನಿ ಆರಿದಾಗ ಕೊಯ್ಯಿರಿ. ಕೈಯಿಂದ ತಿರುವಿ ಕಿತ್ತರೆ ತೊಟ್ಟು ಬುಡಸಮೇತ ಬರುತ್ತದೆ, ಆ ಗಾಯದಿಂದಲೇ ಕೊಳೆ ಒಳಹೊಗುತ್ತದೆ. ಹರಿತವಾದ ಕುಡಗೋಲಿನಿಂದ ಮೂರು ನಾಲ್ಕು ಬೆರಳಷ್ಟು ತೊಟ್ಟು ಉಳಿಸಿ ಕತ್ತರಿಸಿ. ಆ ತೊಟ್ಟನ್ನು ಹಿಡಿಕೆ ಎಂದುಕೊಂಡು ಎತ್ತಬೇಡಿ. ಎರಡೂ ಕೈ ಅಡಿಗೆ ಕೊಟ್ಟು ಎತ್ತಿ, ಬುಟ್ಟಿಗೆ ಎಸೆಯದೆ ಇಳಿಸಿ. ಹೊರಗೆ ಕಾಣದ ಪೆಟ್ಟು ಹದಿನೈದು ದಿನದ ಮೇಲೆ ಮೆತ್ತಗಾಗಿ ಕಾಣಿಸಿಕೊಳ್ಳುತ್ತದೆ.

ಸೂಜಿ ಚುಚ್ಚಿದಂಥ ತೂತು, ಅದರಿಂದ ಒಸರಿದ ಅಂಟು ಕಂಡರೆ ಹಣ್ಣುನೊಣ ಮೊಟ್ಟೆ ಇಟ್ಟಿದೆ ಎಂದರ್ಥ. ಅಂಥದ್ದನ್ನು ಇಡಬಾರದು. ತೊಟ್ಟು ಮುರಿದದ್ದು, ಆಳವಾಗಿ ಗೀರು ಬಿದ್ದದ್ದು ಮೊದಲು ಅಡುಗೆಮನೆಗೆ ಹೋಗಲಿ. 2019ರ ಆಗಸ್ಟ್‌ನಂತೆ ಹೊಳೆ ಏರಿ ಹಿತ್ತಲಿಗೆ ನೀರು ನುಗ್ಗಿದ ವರ್ಷವಾದರೆ, ನೆರೆನೀರು ಮುಟ್ಟಿದ ಕಾಯನ್ನು ತಿನ್ನಲೂ ಬೇಡಿ, ಇಡಲೂ ಬೇಡಿ.

ಕೊಯ್ದ ಸಿಹಿಗುಂಬಳವನ್ನು ತೊಳೆಯದೆ, ಒಣಬಟ್ಟೆಯಿಂದ ಮಣ್ಣು ಒರೆಸಿ, ಗಾಳಿಯಾಡುವ ಪಡಸಾಲೆಯಲ್ಲಿ ಎಂಟು ಹತ್ತು ದಿನ ಆರಲು ಬಿಡಿ. ಇದಕ್ಕೆ 27ರಿಂದ 29 ಡಿಗ್ರಿ ಬಿಸಿ ಒಳ್ಳೆಯದು. ಚಳಿ ದೇಶಗಳಲ್ಲಿ ಇದೇ ಕೆಲಸಕ್ಕೆ ಮನೆಯೊಳಗೆ ಬೆಚ್ಚನೆಯ ಮೂಲೆ ಹುಡುಕುತ್ತಾರೆ, ನಮಗೆ ಅಕ್ಟೋಬರ್ ಹಗಲೇ ಅದನ್ನು ಪುಕ್ಕಟೆ ಕೊಡುತ್ತದೆ. ಸಿಪ್ಪೆ ಗಟ್ಟಿಯಾಗುತ್ತದೆ, ಸಣ್ಣಪುಟ್ಟ ಗೀರು ಮಾಯುತ್ತದೆ. ಸುಡುಬಿಸಿಲಿಗೆ ಮಾತ್ರ ಹಾಕಬೇಡಿ.

ಇಡುವ ಜಾಗ

ಕತ್ತಲು, ತಂಪು, ಗಾಳಿ. ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಮೂರೂ ಇದ್ದವು. ಈಗಿನ ಆರ್‌ಸಿಸಿ ಮನೆಯಲ್ಲಾದರೆ ಮೇಲಿನ ಲಾಫ್ಟ್ ಬೇಡ, ಅಲ್ಲಿ ಸ್ಲ್ಯಾಬಿನ ಕಾವು ತಟ್ಟುತ್ತದೆ. ಉತ್ತರದ ಕೋಣೆಯಲ್ಲಿ ಹಲಗೆಯ ಮೇಲಿಡಿ. ಬರೀ ಸಿಮೆಂಟ್ ನೆಲಕ್ಕೆ ತಾಗಿಸದೆ ಕೆಳಗೆ ಒಣಗಿದ ಕಬ್ಬಿನ ರವದಿ ಅಥವಾ ಕಣಿಕೆ ಹಾಸಿ. ಒಂದರ ಮೇಲೊಂದು ಪೇರಿಸಬೇಡಿ, ಒಂದಕ್ಕೊಂದು ತಾಗಿಸಲೂಬೇಡಿ. ಬೂದುಗುಂಬಳವನ್ನು ನೆಲುವಿನಲ್ಲಿ ಜಂತಿಗೆ ತೂಗುಹಾಕುವ ಹಳೆಯ ಪದ್ಧತಿಗಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ: ಸುತ್ತಲೂ ಗಾಳಿ, ಇಲಿಗೂ ಎಟುಕದು.

ಬಾಳೆಗೊನೆ ಹಣ್ಣಾಗುತ್ತಿರುವ ಕೋಣೆಯಿಂದ ದೂರವಿಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕುಂಬಳ ಬೇಗ ಕೆಡುತ್ತದೆ. ಇಡೀ ಕಾಯನ್ನು ಫ್ರಿಜ್ಜಿಗೆ ತುರುಕಬೇಡಿ, 10 ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೆ ಆಗುವುದಿಲ್ಲ. ಹೋಳು ಮಾಡಿದ್ದಾದರೆ ಬೀಜ, ನಾರು ತೆಗೆದು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸಿ. ಬಾಯಿಗೆ ಕಹಿ ಹತ್ತಿದ ಕಾಯನ್ನು ಬೆಲ್ಲ ಸುರಿದು ಸರಿಮಾಡಲು ಹೋಗಬೇಡಿ, ಚೆಲ್ಲಿಬಿಡಿ. ಆ ಕಹಿ ಹೊಟ್ಟೆ ಕೆಡಿಸುತ್ತದೆ.

ವಾರಕ್ಕೊಮ್ಮೆ ತೊಟ್ಟಿನ ಬುಡ, ಕೆಳಮೈ ಮುಟ್ಟಿ ನೋಡಿ. ಮೆತ್ತಗಾದದ್ದನ್ನು ಅಂದೇ ಹೊರಗೆ ತೆಗೆಯಿರಿ. ಹೀಗೆ ನೋಡಿಕೊಂಡರೆ ಸಿಹಿಗುಂಬಳ ಎರಡು ಮೂರು ತಿಂಗಳು ಬಾಳುತ್ತದೆ, ಬೂದುಗುಂಬಳ ಅದಕ್ಕಿಂತ ಹೆಚ್ಚು. ಬೀಜಕ್ಕೆ ಬೇಕಾದರೆ ಚೆನ್ನಾಗಿ ಬಾಳಿಕೆ ಬಂದ ಕಾಯನ್ನೇ ಆರಿಸಿ, ಅದರ ಬೀಜ ತೊಳೆದು ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಇಡಿ.

ಶಿವರಾತ್ರಿ ದಾಟಿ ಬಿಸಿಲು ಏರಿತೆಂದರೆ ಇಡುವ ಕಾಲ ಮುಗಿಯಿತು. ಉಳಿದ ಬೂದುಗುಂಬಳವನ್ನು ತುರಿದು ನೀರು ಹಿಂಡಿ, ತರಿಯಾಗಿ ರುಬ್ಬಿದ ಉದ್ದಿನಬೇಳೆ, ಹಸಿಮೆಣಸಿನಕಾಯಿ, ಇಂಗು, ಉಪ್ಪು ಕಲೆಸಿ ಮಾಳಿಗೆಯ ಮೇಲೆ ಸಂಡಿಗೆ ಇಟ್ಟುಬಿಡಿ. ಹಿಂಡಿದ ನೀರನ್ನು ಚೆಲ್ಲದೆ ಬೇಳೆ ರುಬ್ಬಲು ಅದನ್ನೇ ಬಳಸಿ.